ಯಲ್ಲಾಪುರಕ್ಕೆ ಹೊರಡುವ ಮೊದಲು ಬೈತಖೋಲಕ್ಕೆ ಹೋಗಿ

ಪದವಿಯಲ್ಲಿ ಮಾನವಶಾಸ್ತ್ರ ಓದುವ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳು ಕಿರು ಪ್ರಬಂಧಕ್ಕೆ ವಿಷಯ ಆರಿಸಿಕೊಂಡು ಬಂದರೆ ಬಹುಮಟ್ಟಿಗೆ ಎರಡೇ ಹೆಸರು ಹೇಳುತ್ತಾರೆ: ಸಿದ್ದಿಯರು, ಇಲ್ಲವೇ ಹಾಲಕ್ಕಿ ಒಕ್ಕಲಿಗರು. ಶಿರಸಿಯ ಹುಡುಗಿಗೆ ತನ್ನದೇ ಅಂಗಳದಲ್ಲಿ ಅಡಿಕೆ ಸುಲಿಯುವವರು ಅಧ್ಯಯನದ ವಿಷಯವೆಂದು ಅನ್ನಿಸುವುದಿಲ್ಲ. ಕಾರವಾರದ ಹುಡುಗನಿಗೆ ಬೈತಖೋಲ ಬಂದರು ಮೀನು ಸಿಗುವ ಜಾಗವಷ್ಟೇ.

ಆಫ್ರಿಕಾ ಮೂಲದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಯಲ್ಲಾಪುರ, ಹಳಿಯಾಳದ ಅವರ ಕೇರಿಗಳಿಗೆ ಪ್ರಶ್ನಾವಳಿ ಹಿಡಿದು ಬರುವವರಿಗೆ ಬರವಿಲ್ಲ. ಅರ್ಧ ದಿನ ಕುಳಿತು, ಅವರ ಡೋಲು ಡಮಾಮಿಯನ್ನು ಬಾರಿಸಿ ತೋರಿಸಿ ಎಂದು ಕೇಳಿ, ಫೋಟೊ ತೆಗೆದು ಬರುವವನಿಗೆ ಸಿಗುವುದು ಹಿಂದೆ ಬಂದವನಿಗೆ ಕೊಟ್ಟ ಉತ್ತರವೇ. ಅದಕ್ಕೆ ಅಂಕ ಬರಬಹುದು, ವಿದ್ಯೆ ಬರುವುದಿಲ್ಲ.

ನಾನು ಬಂದರಿಗೆ ಕಳುಹಿಸುತ್ತೇನೆ. ಅದೂ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ದಿನಗಳಲ್ಲಿ. ಬಂಗಡೆ ಬಂದು ಬೀಳುವ ಹೊತ್ತಿನಲ್ಲಿ ನಿಮ್ಮೊಡನೆ ಮಾತಾಡಲು ಯಾರಿಗೆ ಪುರುಸೊತ್ತು? ಬಲೆ ಹೆಣೆಯುವವರ ಪಕ್ಕದಲ್ಲಿ ಕುಳಿತರೆ ಮಾತು ತಾನಾಗಿ ಬರುತ್ತದೆ. ದೋಣಿಯ ಯಜಮಾನನಿಗೆಷ್ಟು ಪಾಲು, ಬಲೆಗೆಷ್ಟು, ಆಳಿಗೆಷ್ಟು? ಮೀನು ಮಾರುವ ಹೆಂಗಸರಿಗೆ ಸಾಲ ಕೊಡುವವರು ಯಾರು, ತೀರಿಸುವ ಬಗೆ ಹೇಗೆ? ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಬಂದ, ಯಾಂತ್ರಿಕ ದೋಣಿಯಿಂದ ಬಿಡುವ ಪರ್ಸೀನ್ ಬಲೆ ಮೂಲೆಗೆ ತಳ್ಳಿತು. ಆಗ ಹಳೆಯ ಪಾಲುಗಾರಿಕೆ ಏನಾಯಿತೆಂದು ಕೇಳಿ. ಹಿರಿಯರು ಸಂಜೆಯಾದರೂ ಎದ್ದು ಹೋಗುವುದಿಲ್ಲ.

ಘಟ್ಟದ ಮೇಲಿನವರಿಗೆ ಅಡಿಕೆ ಸುಗ್ಗಿಯಿದೆ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡನಿಗೆ ಕೂಲಿ ನಿಗದಿಯಾಗುವ ಬಗೆ, ಮುಯ್ಯಾಳಾಗಿ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಲು ಬರುವವರು ಮತ್ತು ಹಣಕ್ಕೆ ಬರುವವರು ಕೂರುವ ಜಾಗ, ಯಾರಿಗೆ ಯಾವ ಲೋಟದಲ್ಲಿ ಚಹಾ ಎಂಬುದು, ಎಲ್ಲವನ್ನೂ ಬರೆದುಕೊಳ್ಳಿ. ಲೋಟದ ವಿಷಯ ಬರೆಯುವಾಗ ಮನೆಯವರ ಮುಖ ಗಂಟಿಕ್ಕಿದರೆ ಕೆಲಸ ಸರಿಯಾದ ದಾರಿಯಲ್ಲಿದೆ.

ಜೊತೆಗೆ ವಂಶವೃಕ್ಷ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮ ಚಿಹ್ನೆ. ತಂದೆಯ ಕಡೆ ಸರಾಗವಾಗಿ ಓಡುವ ಪೆನ್ಸಿಲ್ ಅಜ್ಜಿಯ ತವರಿಗೆ ಬಂದಾಗ ನಿಲ್ಲುತ್ತದೆ. ಹಾಗೆ ನಿಂತದ್ದನ್ನೂ ದಾಖಲಿಸಬೇಕು.

ಟಿಪ್ಪಣಿಯನ್ನು ಅದೇ ರಾತ್ರಿ ಬರೆಯಿರಿ ಎಂದರೆ ವಿದ್ಯಾರ್ಥಿಗಳು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕಥೆ ಹೇಳುತ್ತಾರೆ: 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿ ಕ್ಷೇತ್ರಕಾರ್ಯ ಮಾಡಿದರು, 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟವು, ನೆನಪಿನಿಂದಲೇ ಪುಸ್ತಕ ಬರೆದರು. ಸರಿ. ಆದರೆ ಆ ನೆನಪು ವರ್ಷಗಟ್ಟಲೆ ಅದೇ ಟಿಪ್ಪಣಿಗಳನ್ನು ತಿದ್ದಿ ತೀಡಿದವರದು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಮಲಗಿದವರದ್ದಲ್ಲ.

ಇಷ್ಟು ಪಳಗಿದ ಮೇಲೆ ಹಾಲಕ್ಕಿಗಳ ಕೇರಿಗಳಾದ ಕೊಪ್ಪಗಳಿಗೆ ಹೋಗಿ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಅವರ ಬೇಡಿಕೆ ಹಳೆಯದು. ಇಂಥ ಬೇಡಿಕೆಗಳನ್ನು ಇಂದಿಗೂ ಪರಿಶಿಷ್ಟರ ಪಟ್ಟಿಗಳ ಪರಿಷ್ಕರಣೆಗೆಂದು ಕೇಂದ್ರ ಸರ್ಕಾರ ನೇಮಿಸಿದ್ದ 1965ರ ಲೋಕೂರ್ ಸಮಿತಿಯ ಮಾನದಂಡಗಳಿಂದ ಅಳೆಯುತ್ತಾರೆ. ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ ಅದರಲ್ಲಿವೆ. ಅಂಕೋಲಾ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಹೆಂಗಸು ಗಿರಾಕಿಯೊಡನೆ ಚೌಕಾಸಿ ಮಾಡುತ್ತಾಳೆ. ಹಾಗೆಂದು ಆಕೆ ಮಾನದಂಡದಿಂದ ಹೊರಗೋ? ನನಗೆ ಆ ಅಳತೆಗೋಲೇ ಡೊಂಕಾಗಿ ಕಾಣುತ್ತದೆ. ಆದರೆ ಕಡತದಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲ; ಕೊಪ್ಪದಲ್ಲಿ ಕುಳಿತು ಯಾರೋ ಸರಿಯಾಗಿ ಬರೆದ ಕ್ಷೇತ್ರ ವರದಿಗೆ ಇದೆ.