ಸಾಲ ಬಾಕಿ ಇರುವಾಗ ಸಂಬಳದ ಖಾತೆ ಎಲ್ಲಿರಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ದಿನಾ ರೈಲು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುವ ಹುಡುಗನೊಬ್ಬ ಮೊನ್ನೆ ಮನೆಗೆ ಬಂದಿದ್ದ. ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಭಾನುವಾರಗಳಲ್ಲಿ ಇಂಥವರು ಬರುವುದುಂಟು. ಕೈಯಲ್ಲಿ ಎರಡು ಪಾಸ್‌ಬುಕ್.

"ಸಾರ್, ಬೆಳಿಗ್ಗೆ ಸಂಬಳ 18,000 ಬಿತ್ತು. ಮಧ್ಯಾಹ್ನ ನೋಡಿದರೆ 9,600. ಸಾಲ ಇರುವುದು ಊರಿನ ಬ್ಯಾಂಕಲ್ಲಿ. ಸಂಬಳಕ್ಕೆ ನಾನು ಬೇರೆ ಬ್ಯಾಂಕಲ್ಲಿ ಖಾತೆ ತೆಗೆದದ್ದಲ್ವಾ? ಈಗ ಎಂತ ಮಾಡುವುದು?"

ಪಾಸ್‌ಬುಕ್ ತಿರುಗಿಸಿದೆ. ಬೇರೆ ಬ್ಯಾಂಕೇ ಅಲ್ಲ. ಊರಿನದ್ದು ಹಳೇ ಹೆಸರಿನ ಪಾಸ್‌ಬುಕ್, ಮಂಗಳೂರಿನದ್ದು ಅದು ವಿಲೀನವಾದ ದೊಡ್ಡ ಬ್ಯಾಂಕಿನದ್ದು.

ನಮ್ಮ ಕಡೆ ಈ ತಪ್ಪು ಸುಲಭ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟು ಕೆನರಾಕ್ಕೆ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿಗೆ ಹೋಯಿತು. ಆದರೆ ಬಾಯಲ್ಲಿ ಹಳೇ ಹೆಸರೇ ಉಳಿದಿದೆ. ನನ್ನ ಮನೆಯಾಕೆ ಈಗಲೂ "ಸಿಂಡಿಕೇಟಿಗೆ ಹೋಗಿ ಬರ್ತೇನೆ" ಅನ್ನುತ್ತಾಳೆ.

ಸಾಲ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ಹೆಸರಿನ ಉಳಿತಾಯ ಖಾತೆ ಇದ್ದರೆ, ವಾಯಿದೆ ಮೀರಿದ ಕಂತನ್ನು ಅದರಿಂದ ಹೊಂದಿಸಿಕೊಳ್ಳಲು ಬ್ಯಾಂಕಿಗೆ ಹಕ್ಕಿದೆ. ಬ್ಯಾಂಕಿನವರು ಇದಕ್ಕೆ 'ಸೆಟ್ ಆಫ್' ಅನ್ನುತ್ತಾರೆ. ಸಾಲದ ಕರಾರಿನಲ್ಲಿ ಸಾಮಾನ್ಯವಾಗಿ ಈ ಮಾತು ಇರುತ್ತದೆ, ನಾವು ಓದದೆ ಸಹಿ ಹಾಕಿರುತ್ತೇವೆ ಅಷ್ಟೆ. ಶಾಖೆ ಬೇರೆ, ರಾಜ್ಯ ಬೇರೆ ಅನ್ನುವುದು ನಡೆಯುವುದಿಲ್ಲ. ಗ್ರಾಹಕ ಸಂಖ್ಯೆ ಒಂದೇ, ಕಂಪ್ಯೂಟರ್ ಒಂದೇ. ಇನ್ನೊಂದು ಬ್ಯಾಂಕಿನ ಖಾತೆಗೆ ಮಾತ್ರ ಅವರು ಹಾಗೆ ಸುಮ್ನೆ ಕೈಹಾಕಲು ಬರುವುದಿಲ್ಲ, ಕೋರ್ಟಿನ ಆದೇಶ ಬೇಕು. ಹಾಗಾಗಿ ಖಾತೆ ತೆರೆಯುವ ಮುಂಚೆ ಈಗಿನ ಹೆಸರು ಕೇಳಿ.

ಖಾತೆ ತೆರೆಯುವುದೇನೂ ಕಷ್ಟವಲ್ಲ. ಸಾಲ ಬಾಕಿ ಇದೆ ಎಂದು ಉಳಿತಾಯ ಖಾತೆ ಸಿಗುವುದಿಲ್ಲ ಅನ್ನುವ ಹೆದರಿಕೆ ಬೇಡ. ಮಂಗಳೂರಿನಲ್ಲಿ ತೆರೆಯಲು ಅಲ್ಲಿಯ ಬಾಡಿಗೆ ಚೀಟಿ ಬೇಕು ಅಂತ ಯಾರಾದರೂ ಹೇಳಿದರೆ, ದಿನಾ ಹೋಗಿಬರುವವನು ನಾನು ಎನ್ನಿ. ಕಾಸರಗೋಡಿನ ವಿಳಾಸದ ಆಧಾರ್ ಸಾಕು.

ಆದರೆ ಎಡವುವುದು ಆಮೇಲೆ. ಸಂಬಳ ಹೊಸ ಖಾತೆಗೆ ಬರುತ್ತದೆ, ಹಳೇ ಖಾತೆ ಖಾಲಿ, ಫೋನು ಎತ್ತುವುದಿಲ್ಲ. ಕಂತಿಗೆ ಕೊಟ್ಟ ಮ್ಯಾಂಡೇಟ್, ಅಂದರೆ ಖಾತೆಯಿಂದ ಕಂತು ತಾನಾಗಿ ಎಳೆದುಕೊಳ್ಳಲು ನಾವು ಬರೆದುಕೊಟ್ಟ ಒಪ್ಪಿಗೆ, ಪ್ರತಿ ತಿಂಗಳೂ ಬೌನ್ಸ್ ಆಗುತ್ತದೆ, ಪ್ರತಿ ಸಲವೂ ದಂಡ. ಖಾತೆಯಲ್ಲಿ ಹಣವಿಲ್ಲದೆ ಮ್ಯಾಂಡೇಟ್ ಬೌನ್ಸ್ ಆದರೆ ಚೆಕ್ ಬೌನ್ಸ್ ಹಾಗೆಯೇ ಕೇಸು ಹಾಕಲು 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಲ್ಲಿ ಅವಕಾಶ ಉಂಟು. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಆ ಹುಡುಗನ ಲೆಕ್ಕ ಹೀಗಿತ್ತು. ಕಂತು 4,200. ಎರಡು ತಪ್ಪಿತ್ತು, 8,400. ಬ್ಯಾಂಕು ಒಂದೇ ಏಟಿಗೆ ಎಳೆದದ್ದು ಅಷ್ಟನ್ನೇ. ಅವನು ಮೊದಲೇ ಬಂದಿದ್ದರೆ ನಾನು ಹೇಳುತ್ತಿದ್ದದ್ದು: ಮ್ಯಾನೇಜರಿಗೆ ಒಂದು ಕಾಗದ ಬರೆ. ಈ ತಿಂಗಳ ಕಂತಿನ ಜೊತೆ ಬಾಕಿಗೆಂದು 700 ಸೇರಿಸಿ 4,900 ಕಟ್ಟುತ್ತೇನೆ, ಹನ್ನೆರಡು ತಿಂಗಳಲ್ಲಿ ಹಳೇ ಬಾಕಿ ಮುಗಿಯುತ್ತದೆ ಎನ್ನು. ದಂಡ ಬಿದ್ದಿದ್ದರೆ ಅದು ಬೇರೆ. ಕಾಗದದ ಪ್ರತಿಗೆ ಸೀಲು ಹಾಕಿಸಿಕೋ. ಅವರು ಒಪ್ಪಲೇಬೇಕೆಂದಿಲ್ಲ. ಆದರೆ ನನ್ನ ಅನುಭವದಲ್ಲಿ, ಎದುರು ಬಂದು ಕೂತವನಿಗೆ ಇಲ್ಲ ಅನ್ನುವುದು ಮ್ಯಾನೇಜರಿಗೂ ಸುಲಭವಲ್ಲ.

ಇಲ್ಲಿ 90 ದಿನದ ಗೆರೆಯೊಂದಿದೆ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಪುಸ್ತಕದಲ್ಲಿ ಕೆಟ್ಟ ಸಾಲ. ಅದಕ್ಕೆ ಮುಂಚೆ ಹಳೇ ಕಂತು ಒಂದನ್ನಾದರೂ ಕಟ್ಟಿದರೆ ಲೆಕ್ಕ ಹಿಂದಕ್ಕೆ ಸರಿಯುತ್ತದೆ. ದಾಟಿದ ಮೇಲೆ ಒಂದು ಕಂತು ಕಟ್ಟಿದರೆ ಸಾಲದು, ಬಾಕಿಯೆಲ್ಲ ತೀರಬೇಕು. ಎರಡು ತಪ್ಪಿದವನಿಗೂ ನಾಲ್ಕು ತಪ್ಪಿದವನಿಗೂ ಇರುವ ವ್ಯತ್ಯಾಸ ಬರೀ ಎರಡು ಕಂತಲ್ಲ.

ಒಂದೇ ಬ್ಯಾಂಕಿನಲ್ಲಿ ಎರಡು ಸಾಲ ಇದ್ದರೆ, ಹಣ ಯಾವುದಕ್ಕೆ ಎಂದು ಚಲನ್ನಿನಲ್ಲೇ ಸಾಲದ ನಂಬರು ಬರೆಯಿರಿ. ಕಟ್ಟುವಾಗಲೇ ಹೀಗೆ ಹೇಳಿ, ಬ್ಯಾಂಕು ಹಣ ತೆಗೆದುಕೊಂಡರೆ ಅದಕ್ಕೇ ಹಾಕಬೇಕು. 1872ರ ಕರಾರು ಕಾಯ್ದೆ ಹೇಳುವುದು ಅದನ್ನೇ. ಹೇಳದಿದ್ದರೆ ಅವರಿಗೆ ಬೇಕಾದ್ದಕ್ಕೆ ಹಾಕಿಕೊಳ್ಳುತ್ತಾರೆ. ಚಿನ್ನ ಅಡವಿಟ್ಟ ಸಾಲ ಇದ್ದರೆ ಮೊದಲು ಅದನ್ನು ನೋಡಿ, ಅಮ್ಮನ ಸರ ಹರಾಜಿಗೆ ಹೋದರೆ ವಾಪಸ್ ಬರುವುದಿಲ್ಲ.

ವಸೂಲಿಯವರು ಬೆಳಿಗ್ಗೆ 8ರ ಮುಂಚೆ, ಸಂಜೆ 7ರ ನಂತರ ಫೋನು ಮಾಡಬಾರದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಮಾಡಿದರೆ ಸಮಯ ಬರೆದಿಟ್ಟು ಮೊದಲು ಬ್ಯಾಂಕಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಅದಕ್ಕೆ ಫೀಸಿಲ್ಲ.

ಹೊರಡುವಾಗ ಆ ಹುಡುಗ ಇನ್ನೊಂದು ಫಾರ್ಮು ತೆಗೆದ. ಊರಿನ ಶಾಖೆ ಕೊಟ್ಟದ್ದು, ಮಲಯಾಳದಲ್ಲಿತ್ತು. ಪೆನ್ಸಿಲಲ್ಲಿ ಗುರುತು ಹಾಕಿ "ಇಲ್ಲಿ ಸಹಿ" ಎಂದಿದ್ದರಂತೆ. ಅವನಿಗೆ ಮಲಯಾಳ ಮಾತು ಬರುತ್ತದೆ, ಓದಲು ಬರುವುದಿಲ್ಲ. ಇಂಗ್ಲಿಷಿನ ಪ್ರತಿ ಕೇಳಿ ತಾ, ಮುಂದಿನ ಭಾನುವಾರ ಕೂತು ಓದುವ ಎಂದೆ.