ಓದುಗರ ಪ್ರಶ್ನೆ: ಯಹೂದಿಗಳು ದಾನಿಯೇಲನನ್ನು ಪ್ರವಾದಿ ಎಂದು ಒಪ್ಪುವುದಿಲ್ಲವೇ?

ಪ್ರಶ್ನೆ: ನಮ್ಮ ಮನೆಯ ಸತ್ಯವೇದದಲ್ಲಿ ದಾನಿಯೇಲನ ಗ್ರಂಥ ಯೆಹೆಜ್ಕೇಲನ ಗ್ರಂಥದ ಬೆನ್ನಿಗೇ, ಪ್ರವಾದಿಗಳ ಸಾಲಿನಲ್ಲಿ ಬರುತ್ತದೆ. ಯಹೂದಿಗಳ ಬೈಬಲಿನಲ್ಲಿ ಅದು ಎಲ್ಲೋ ಕೊನೆಯಲ್ಲಿ, ಎಸ್ತೇರಳ ಪಕ್ಕದಲ್ಲಿದೆಯಂತೆ. ಅವನನ್ನು ಅವರು ಪ್ರವಾದಿ ಎಂದು ಒಪ್ಪುವುದಿಲ್ಲವೇ?

ಉತ್ತರ: ‘ಒಪ್ಪುವುದಿಲ್ಲ’ ಎಂದರೆ ಅರ್ಧ ಉತ್ತರ ಕೊಟ್ಟಂತೆ. ಹಗ್ಗಾಯ, ಜೆಕರ್ಯ, ಮಲಾಕಿಯರ ಜೊತೆ ದಾನಿಯೇಲನನ್ನು ತೂಗಿ ನೋಡುವ ಮಾತೊಂದು ಯಹೂದಿ ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿದೆ. ಅವರು ಅವನಿಗಿಂತ ಮೇಲು, ಏಕೆಂದರೆ ಅವರು ಪ್ರವಾದಿಗಳು, ಅವನಲ್ಲ. ಅವನು ಅವರಿಗಿಂತ ಮೇಲು, ಏಕೆಂದರೆ ದರ್ಶನವನ್ನು ಕಂಡವನು ಅವನು, ಅವರು ಕಾಣಲಿಲ್ಲ. ಕೈಬಿಟ್ಟವನ ಬಗ್ಗೆ ಯಾರೂ ಹೀಗೆ ಮಾತನಾಡುವುದಿಲ್ಲ. ಹಾಗಾದರೆ ಅವನನ್ನು ಬೇರೆಡೆ ಕೂರಿಸಿದ್ದೇಕೆ?

ಯಹೂದಿಗಳ ಗ್ರಂಥಕ್ಕೆ ಮೂರು ಭಾಗ. ತೋರಾ, ಅಂದರೆ ಮೋಶೆಯ ಐದು ಪುಸ್ತಕಗಳು, ನೆವಿಯೀಮ್, ಅಂದರೆ ಪ್ರವಾದಿಗಳು, ಮೂರನೆಯದು ಕೆತುವೀಮ್. ಈ ಮೂರರ ಮೊದಲಕ್ಷರ ಸೇರಿಸಿದರೆ ‘ತನಖ್’. ಕೆತುವೀಮ್ ಎಂದರೆ ಬರೆದಿಟ್ಟವು, ‘ಬರಹಗಳು’, ಅಷ್ಟೇ. ಹೆಸರಿನಿಂದ ಒಳಗಿನ ಸರಕು ಏನೆಂದು ತಿಳಿಯುವಂತಿಲ್ಲ. ‘ಇತ್ಯಾದಿ’ ಎಂದು ಚೀಟಿ ಅಂಟಿಸಿದ ಹಾಗಿದೆ. ಒಳಗಿರುವುದಂತೂ ಹನ್ನೊಂದು ಬಗೆ: ಕೀರ್ತನೆಗಳು, ಜ್ಞಾನೋಕ್ತಿಗಳು, ಯೋಬ, ಪರಮಗೀತ, ರೂತಳು, ಪ್ರಲಾಪಗಳು, ಪ್ರಸಂಗಿ, ಎಸ್ತೇರಳು ಎಂಬ ಐದು ಸುರುಳಿಗಳು, ಬಳಿಕ ದಾನಿಯೇಲ, ಒಂದೇ ಪುಸ್ತಕವಾಗಿ ಎಣಿಸುವ ಎಜ್ರ-ನೆಹೆಮೀಯ, ಮತ್ತು ಪೂರ್ವಕಾಲವೃತ್ತಾಂತ. ದೇವರೊಡನೆ ಜಗಳಕ್ಕೆ ನಿಂತ ಯೋಬನೂ ಇಲ್ಲೇ, ದೇವರ ಹೆಸರನ್ನೇ ಎತ್ತದ ಹೀಬ್ರೂ ಎಸ್ತೇರಳ ಕಥೆಯೂ ಇಲ್ಲೇ.

ಈ ಮೂರನೆಯ ಭಾಗದ ಬಾಗಿಲು ತಡವಾಗಿ ಮುಚ್ಚಿತು. ದಾನಿಯೇಲನ ಜಾಗಕ್ಕೆ ವಿದ್ವಾಂಸರು ಕೊಡುವ ಮುಖ್ಯ ಕಾರಣ ಇದೇ. ಕ್ರಿ.ಪೂ. 180ರ ಸುಮಾರಿಗೆ ಜೆರುಸಲೇಮಿನ ಬೆನ್ ಸಿರಾ ಎಂಬ ಪಂಡಿತ ತನ್ನ ಜನಾಂಗದ ಹಿರಿಯರನ್ನು ಸಾಲಾಗಿ ಹೊಗಳುತ್ತಾನೆ. ಯೆಶಾಯ, ಯೆರೆಮೀಯ, ಯೆಹೆಜ್ಕೇಲ, ಹನ್ನೆರಡು ಮಂದಿ ಕಿರಿಯ ಪ್ರವಾದಿಗಳು ಎಲ್ಲರೂ ಬರುತ್ತಾರೆ, ದಾನಿಯೇಲ ಬರುವುದಿಲ್ಲ. (ಈ ಎಳೆಯನ್ನು ತೀರಾ ಜಗ್ಗಬಾರದು, ಆ ಸಾಲಿನಲ್ಲಿ ಎಜ್ರನೂ ಇಲ್ಲ.) ಅವನ ಮೊಮ್ಮಗ ಕ್ರಿ.ಪೂ. 132ರಲ್ಲಿ ಈಜಿಪ್ಟಿಗೆ ಹೋದವನು, ಅಜ್ಜನ ಪುಸ್ತಕವನ್ನು ಗ್ರೀಕಿಗೆ ತಂದ. ಅದರ ಮುನ್ನುಡಿಯಲ್ಲಿ ಅವನು ಧರ್ಮಶಾಸ್ತ್ರ, ಪ್ರವಾದಿಗಳು ಎಂದು ಹೆಸರಿಟ್ಟು ಹೇಳುತ್ತಾನೆ. ಮೂರನೆಯದರ ಸರದಿ ಬಂದಾಗ ‘ಪಿತೃಗಳ ಉಳಿದ ಪುಸ್ತಕಗಳು’ ಎಂದು ಮುಗಿಸುತ್ತಾನೆ. ಪ್ರವಾದಿಗಳ ಭಾಗ ಆಗಲೇ ಗಟ್ಟಿಯಾಗಿತ್ತು. ಮೂರನೆಯದಕ್ಕೆ ಇನ್ನೂ ಒಂದು ಹೆಸರೂ ನಿಂತಿರಲಿಲ್ಲ.

ಗ್ರಂಥದೊಳಗೂ ಸುಳಿವುಗಳಿವೆ. ಮೂರನೆಯ ಅಧ್ಯಾಯವನ್ನು ತೆರೆಯಿರಿ. ಬ್ಯಾಬಿಲೋನಿನ ಅರಸ ನೆಬೂಕದ್ನೆಚ್ಚರ ಬಂಗಾರದ ಪ್ರತಿಮೆ ನಿಲ್ಲಿಸಿದ್ದಾನೆ. ವಾದ್ಯಗಳು ಮೊಳಗಿದ ಕೂಡಲೇ ಎಲ್ಲರೂ ಅಡ್ಡಬೀಳಬೇಕು. ಆ ವಾದ್ಯಗಳ ಪಟ್ಟಿಯನ್ನು ಕಥೆಗಾರ ಮತ್ತೆ ಮತ್ತೆ ಒಪ್ಪಿಸುತ್ತಾನೆ, ಅರಮನೆಯ ಆಡಂಬರವನ್ನು ಗೇಲಿ ಮಾಡುವವನಂತೆ. ಅದರಲ್ಲಿ ಕೀತರೋಸ್, ಪ್ಸಂತೆರೀನ್, ಸೂಂಪೋನ್ಯಾ ಎಂಬ ಮೂರು ಗ್ರೀಕ್ ಪದಗಳು. ಬ್ಯಾಬಿಲೋನಿನ ಆಸ್ಥಾನದ ಕಥೆಗೆ ಗ್ರೀಕ್ ವಾದ್ಯಗಳು! ಇದೊಂದರಿಂದಲೇ ಕಾಲ ನಿರ್ಣಯವಾಗದು. ಆದರೆ ಹನ್ನೊಂದನೆಯ ಅಧ್ಯಾಯ ಅಲೆಕ್ಸಾಂಡರನ ನಂತರದ ಗ್ರೀಕ್ ಅರಸರ ಕಾದಾಟಗಳನ್ನು ಬೆರಗಾಗುವಷ್ಟು ವಿವರವಾಗಿ ಹೇಳುತ್ತಾ ಬಂದು, ನಾಲ್ಕನೆಯ ಆಂಟಿಯೋಕಸ್ ಕ್ರಿ.ಪೂ. 167ರಲ್ಲಿ ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ ಘಟನೆಯವರೆಗೂ ಕರಾರುವಾಕ್ಕಾಗಿದೆ. ಅವನ ಸಾವಿನ ವಿಷಯದಲ್ಲಿ ಮಾತ್ರ ಇತಿಹಾಸದಿಂದ ದೂರ ಸರಿಯುತ್ತದೆ. ಆದ್ದರಿಂದ ಗ್ರಂಥ ಈಗಿನ ರೂಪ ತಾಳಿದ್ದು ಕ್ರಿ.ಪೂ. 165ರ ಆಸುಪಾಸಿನಲ್ಲಿ ಎಂದು ಹೆಚ್ಚಿನ ವಿದ್ವಾಂಸರ ಎಣಿಕೆ. ಇದು ಕ್ರಿ.ಪೂ. ಆರನೆಯ ಶತಮಾನದ್ದೇ ಎಂದು ನಂಬುವ ಯಹೂದಿಗಳೂ ಕ್ರೈಸ್ತರೂ ಇಂದಿಗೂ ಬಹಳ ಮಂದಿ ಇದ್ದಾರೆ. ಅವರಿಗೆ ಆ ಕರಾರುವಾಕ್ಕುತನವೇ ಪ್ರವಾದನೆಯ ಸಾಕ್ಷಿ.

ಯಹೂದಿ ಪರಂಪರೆ ಕೊಡುವ ಕಾರಣ ಬೇರೆ. ಅದಕ್ಕೂ ಇಸವಿಗೂ ಸಂಬಂಧವಿಲ್ಲ. ಪ್ರವಾದಿ ಎಂದರೆ ಭವಿಷ್ಯ ಹೇಳುವವನು ಎಂದು ನಾವು ರೂಢಿಯಲ್ಲಿ ತಿಳಿದಿದ್ದೇವೆ. ಹೀಬ್ರೂ ಗ್ರಂಥದ ಪ್ರವಾದಿಯ ಕೆಲಸ ಜನರೆದುರು ನಿಂತು ದೇವರ ಮಾತನ್ನು ಮುಟ್ಟಿಸುವುದು, ಅರಸನಿಗೆ ಮುಖಕ್ಕೆ ಹೊಡೆದಂತೆ ಹೇಳುವುದು. ಯೆರೆಮೀಯನಿಗೆ ಬಂದ ಆಜ್ಞೆ ‘ಹೋಗಿ ಸಾರು’ ಎಂದು. ದಾನಿಯೇಲನಿಗೆ ಕೊನೆಯ ಅಧ್ಯಾಯದಲ್ಲಿ ಬಂದದ್ದು ಇದಕ್ಕೆ ತದ್ವಿರುದ್ಧ: ಈ ಮಾತುಗಳನ್ನು ಮುಚ್ಚಿಡು, ಗ್ರಂಥಕ್ಕೆ ಮುದ್ರೆ ಹಾಕು. ಅವನು ಆಸ್ಥಾನದ ಅಧಿಕಾರಿ, ಕನಸುಗಳ ಅರ್ಥ ಬಲ್ಲವನು. ತನಗೇ ಬಿದ್ದ ದರ್ಶನಗಳ ಅರ್ಥಕ್ಕೆ ಮಾತ್ರ ಗಬ್ರಿಯೇಲ ದೂತನನ್ನು ಕಾಯಬೇಕಾಯಿತು. ಹನ್ನೆರಡನೆಯ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ಇದಕ್ಕೊಂದು ಶ್ರೇಣಿಯನ್ನೇ ಮಾಡಿಟ್ಟ: ಕೆತುವೀಮ್ ಬರೆದವರದು ಪವಿತ್ರಾತ್ಮದ ಪ್ರೇರಣೆ, ಪೂರ್ಣ ಪ್ರವಾದನೆಗಿಂತ ಒಂದು ಮೆಟ್ಟಿಲು ಕೆಳಗೆ. ಹದಿನೈದನೆಯ ಶತಮಾನದ ಅಬ್ರಬನೆಲ್ ಇದನ್ನು ಒಪ್ಪದೆ, ದಾನಿಯೇಲ ಪ್ರವಾದಿಯೇ ಎಂದು ವಾದಿಸಿದ. ಯಹೂದಿ ವಿದ್ವಾಂಸರು ಒಂದೇ ಮಾತಿಗೆ ನಿಲ್ಲುವವರಲ್ಲ.

ಇನ್ನು ನಿಮ್ಮ ಮನೆಯ ಸತ್ಯವೇದ. ಗ್ರೀಕ್ ಬೈಬಲಿನಲ್ಲಿ ಪುಸ್ತಕಗಳನ್ನು ಬಗೆ ನೋಡಿ ಜೋಡಿಸಿದರು. ಚರಿತ್ರೆಯ ಜೊತೆ ಚರಿತ್ರೆ, ಕಾವ್ಯದ ಜೊತೆ ಕಾವ್ಯ. ಹಾಗೆ ರೂತಳು ನ್ಯಾಯಸ್ಥಾಪಕರ ಬಳಿಗೆ ಹೋದಳು, ದಾನಿಯೇಲ ಪ್ರವಾದಿಗಳ ಬಳಿಗೆ ಬಂದ. ಮತ್ತಾಯನ ಸುವಾರ್ತೆಯೂ ಅವನನ್ನು ಪ್ರವಾದಿ ಎಂದೇ ಕರೆಯುತ್ತದೆ. ಪ್ರಾಟೆಸ್ಟಂಟರು ಹೀಬ್ರೂ ಗ್ರಂಥದಲ್ಲಿರುವ ಪುಸ್ತಕಗಳನ್ನಷ್ಟೇ ಉಳಿಸಿಕೊಂಡರು, ಆದರೆ ಸಾಲಿನ ಜೋಡಣೆಯನ್ನು ಬದಲಿಸಲಿಲ್ಲ. ಪಕ್ಕದ ಮನೆಯ ಕ್ಯಾಥೊಲಿಕ್ ಬೈಬಲಿನಲ್ಲಿ ದಾನಿಯೇಲನಿಗೆ ನಿಮ್ಮಲ್ಲಿರುವ ಹನ್ನೆರಡರ ಬದಲು ಹದಿನಾಲ್ಕು ಅಧ್ಯಾಯಗಳಿರುತ್ತವೆ. ಹೆಚ್ಚುವರಿ ಭಾಗಗಳು ಗ್ರೀಕ್ ಪಾಠದಿಂದ ಬಂದವು.

ಯಹೂದಿಗಳ ಪ್ರಾರ್ಥನಾಲಯವಾದ ಸಿನಗಾಗಿನ ವಾರದ ಓದಿನಲ್ಲಿ ತೋರಾದ ನಂತರ ಪ್ರವಾದಿಗಳ ಒಂದು ಭಾಗವನ್ನು ಓದುತ್ತಾರೆ. ಕೆತುವೀಮ್‌ಗೆ ಆ ಸರದಿ ಇಲ್ಲ. ಕೀರ್ತನೆಗಳು ದಿನದ ಪ್ರಾರ್ಥನೆಯಲ್ಲಿ ಹಾಸುಹೊಕ್ಕಾಗಿವೆ, ಐದು ಸುರುಳಿಗಳಿಗೆ ಒಂದೊಂದು ಹಬ್ಬವೋ ಉಪವಾಸದ ದಿನವೋ ಇದೆ, ದಾನಿಯೇಲನಿಗೆ ಅದೂ ಇಲ್ಲ. ಆದರೆ ದೇವಾಲಯ ಇದ್ದ ಕಾಲದಲ್ಲಿ ಅವನಿಗೊಂದು ರಾತ್ರಿ ಇತ್ತು. ಯೋಮ್ ಕಿಪ್ಪೂರ್, ಅಂದರೆ ಪ್ರಾಯಶ್ಚಿತ್ತದ ದಿನದ ಹಿಂದಿನ ಇರುಳು ಮಹಾಯಾಜಕ ನಿದ್ದೆ ಮಾಡುವಂತಿರಲಿಲ್ಲ, ಜಾಗರಣೆ. ತೂಕಡಿಸದಂತೆ ಅವನೆದುರು ಗ್ರಂಥ ಓದುತ್ತಿದ್ದರು ಎನ್ನುತ್ತದೆ ತಾಲ್ಮುದಿಗೆ ಆಧಾರವಾದ ಮಿಷ್ನಾ. ಯಾವ ಗ್ರಂಥ? ಯೋಬ, ಎಜ್ರ, ಪೂರ್ವಕಾಲವೃತ್ತಾಂತ, ಮೂರೂ ಕೆತುವೀಮ್‌ನವೇ. ಆ ಪಟ್ಟಿಯ ಬೆನ್ನಿಗೇ ಜೆಕರ್ಯ ಬೆನ್ ಕೆವುತಾಲ್ ಎಂಬವನ ಮಾತೂ ದಾಖಲಾಗಿದೆ: ನಾನು ಎಷ್ಟೋ ಸಲ ಅವನೆದುರು ಓದಿದ್ದು ದಾನಿಯೇಲನನ್ನು.