“ಈ ಬೆಟ್ಟ ಮೊದಲು ಹತ್ತಿದ್ದು ಯಾರು ಮಾವ?”

ಮುಳ್ಳಯ್ಯನಗಿರಿಯ ಮೆಟ್ಟಿಲು ಮುಗಿಸಿ, ಮುಳ್ಳಪ್ಪಸ್ವಾಮಿ ಗದ್ದುಗೆಗೆ ಕೈಮುಗಿದು, ಗಾಳಿಗೆ ಮರೆಯಾಗಿ ಗೋಡೆ ಪಕ್ಕ ಕೂತೆವು. ಅಕ್ಕನ ಮಗಳು ಬ್ಯಾಗಿನಿಂದ ಚಿಪ್ಸ್ ಪ್ಯಾಕೆಟ್ ತೆಗೆದಳು. ಬೆಳಗ್ಗೆ ಚಿಕ್ಕಮಗಳೂರು ಪೇಟೆಯಲ್ಲಿ ಕೊಂಡಾಗ ಮೆತ್ತಗಿದ್ದ ಪ್ಯಾಕೆಟ್ ಈಗ ದಿಂಬಿನ ಹಾಗೆ ಬಿಗಿಯಾಗಿ ಉಬ್ಬಿತ್ತು.

ಒಳಗಿನ ಗಾಳಿ ಜಾಸ್ತಿಯಾಗಿಲ್ಲ, ಹೊರಗಿನ ಒತ್ತಡ ಕಡಿಮೆಯಾಗಿದೆ. ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಓಡಾಡುವವರು. ಮೇಲೆ ಹತ್ತಿದಷ್ಟೂ ತಲೆಯ ಮೇಲಿನ ಗಾಳಿಯ ಭಾರ ಇಳಿಯುತ್ತಾ ಹೋಗುತ್ತದೆ. ಪೇಟೆ ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ, ಗಿರಿಯ ತುದಿ 1,930 ಮೀಟರ್. ಅಷ್ಟರಲ್ಲೇ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಎವರೆಸ್ಟ್ ತುದಿಯಲ್ಲಂತೂ ಸಮುದ್ರಮಟ್ಟದ ಒತ್ತಡದ ಮೂರನೇ ಒಂದು ಪಾಲು ಮಾತ್ರ.

ಇದನ್ನೆಲ್ಲ ಹೇಳುತ್ತಿದ್ದರೆ ಅವಳು ಚಿಪ್ಸ್ ಅಗಿಯುತ್ತಾ ಬೇರೆಯೇ ಪ್ರಶ್ನೆ ಕೇಳಿದಳು. “ಈ ಬೆಟ್ಟ ಮೊದಲು ಹತ್ತಿದ್ದು ಯಾರು ಮಾವ?”

ಏನು ಹೇಳಲಿ? ದನ ಮೇಯಿಸಲು ಬಂದವರು ಇರಬಹುದು, ಜೇನು ಹುಡುಕಿ ಬಂದವರು ಇರಬಹುದು. ತಪಸ್ಸಿಗೆ ಬಂದ ಮುಳ್ಳಪ್ಪಸ್ವಾಮಿಗೂ ಮೊದಲು ಯಾರೋ ದಾರಿ ಕಂಡಿರಬೇಕು. ಅವರಾರೂ ತೇದಿ ಬರೆದಿಡಲಿಲ್ಲ. ಪುಸ್ತಕಗಳಲ್ಲಿ ‘ಮೊದಲು ಹತ್ತಿದವರು’ ಅಂತ ಸಿಗುವುದು ಹತ್ತಿ ಇಳಿದು ಕಾಗದಕ್ಕೆ ಸೇರಿದವರ ಹೆಸರು. ಕಾಗದ ಯಾರ ಕೈಯಲ್ಲಿತ್ತು ಅನ್ನುವುದರ ಮೇಲೆ ಎಷ್ಟೊಂದು ನಿಂತಿದೆ ಅಂತ ಪರ್ವತಾರೋಹಣದ ಚರಿತ್ರೆ ಓದುವಾಗ ನನಗೆ ಮತ್ತೆ ಮತ್ತೆ ಅನಿಸಿದೆ.

ಆ ಚರಿತ್ರೆಯನ್ನು ಸಾಮಾನ್ಯವಾಗಿ ಶುರು ಮಾಡುವುದು ಆಲ್ಪ್ಸ್‌ನ ಮೋಂಟ್ ಬ್ಲಾಂಕ್‌ನಿಂದ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1760ರಲ್ಲೇ, ಈ ತುದಿಗೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುತ್ತೇನೆ ಅಂತ ಸಾರಿದ್ದರು. 26 ವರ್ಷ ಯಾರಿಗೂ ಆಗಲಿಲ್ಲ. 1786ರ ಆಗಸ್ಟ್ 8ರ ಸಂಜೆ ಇಬ್ಬರು ತುದಿ ಮುಟ್ಟಿದರು. ಒಬ್ಬರು ಬೆಟ್ಟದ ಕೆಳಗಿನ ಶಮೊನಿ ಊರಿನ ಡಾಕ್ಟರ್ ಪಕಾರ್. ಇನ್ನೊಬ್ಬ ಬಂಡೆಗಳ ನಡುವೆ ಹರಳು ಹುಡುಕಿ ಮಾರುತ್ತಿದ್ದ ಅದೇ ಸೀಮೆಯ ಬಾಲ್ಮಾ. ಹಗ್ಗ ಇಲ್ಲ, ಕೊಡಲಿ ಇಲ್ಲ. ಕೈಯಲ್ಲಿ ಉದ್ದನೆಯ ಕೋಲು, ಬೆನ್ನ ಮೇಲೆ ಪಕಾರ್ ಅವರ ಬ್ಯಾರೋಮೀಟರ್.

ಆ ಬ್ಯಾರೋಮೀಟರ್ ಅಂದರೆ ಪಾದರಸ ತುಂಬಿದ ಗಾಜಿನ ಕೊಳವೆ. ಚಿಪ್ಸ್ ಪ್ಯಾಕೆಟ್ ಉಬ್ಬಿಸಿದ ಲೆಕ್ಕವನ್ನೇ ಅದು ಅಂಕಿಯಲ್ಲಿ ತೋರಿಸುತ್ತದೆ. ಸಮುದ್ರದ ದಡದಲ್ಲಿ ಪಾದರಸ 76 ಸೆಂಟಿಮೀಟರ್ ನಿಲ್ಲುತ್ತದೆ. ಗಾಳಿಯ ಭಾರ ಇಳಿದ ಹಾಗೆ ಅದೂ ಇಳಿಯುತ್ತದೆ. ನಾವು ಕೂತಿದ್ದ ಜಾಗದಲ್ಲಿ ಸುಮಾರು 60, ಮೋಂಟ್ ಬ್ಲಾಂಕ್ ತುದಿಯಲ್ಲಿ 43ರ ಆಸುಪಾಸು. ಆ ಚಳಿಯಲ್ಲಿ, ಹೊತ್ತು ಮುಳುಗುತ್ತಿರುವಾಗ, ಪಕಾರ್ ಅಳತೆ ನೋಡಿ ಗುರುತು ಹಾಕಿಕೊಂಡರು. ಹಿಮದ ಬೆಳಕಿಗೆ ಕಣ್ಣು ಕೆಟ್ಟು, ಇಳಿದು ಬರುವಷ್ಟರಲ್ಲಿ ಅವರಿಗೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ.

ಇಷ್ಟಾದರೂ ಹೆಸರು ಬಂದಿದ್ದು ಬಾಲ್ಮಾಗೆ. ಬೂರಿ ಅನ್ನುವ ಬರಹಗಾರರು ತಾವೇ ಆ ತುದಿಗೆ ಪ್ರಯತ್ನಪಟ್ಟು ಸೋತಿದ್ದರು. ಅವರು ಬಾಲ್ಮಾನನ್ನು ಮೇಲೆತ್ತಿ, ಡಾಕ್ಟರನ್ನು ಹಿಂದೆ ತಳ್ಳಿ ಬರೆದರು. ಪಕಾರ್ ತೀರಿಹೋದ ಐದು ವರ್ಷಕ್ಕೆ, 1832ರಲ್ಲಿ, ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಮುದುಕ ಬಾಲ್ಮಾನನ್ನು ಮಾತಾಡಿಸಿ ಬಣ್ಣ ಕಟ್ಟಿ ಪ್ರಕಟಿಸಿದರು. 1887ರಲ್ಲಿ ಶಮೊನಿಯಲ್ಲಿ ಪ್ರತಿಮೆ ಎದ್ದಾಗ ಅದರಲ್ಲಿದ್ದವರು ಬಾಲ್ಮಾ ಮತ್ತು ಸೊಸ್ಯೂರ್. ಪಕಾರ್ ಇಲ್ಲವೇ ಇಲ್ಲ.

ಡಾಕ್ಟರ ಮಾನ ಉಳಿಸಿದ್ದರಲ್ಲಿ ಒಂದು ದುರ್ಬೀನಿಗೆ ದೊಡ್ಡ ಪಾಲಿದೆ. ಆ ದಿನ ಗೆರ್ಸ್‌ಡಾರ್ಫ್ ಅನ್ನುವ ಜರ್ಮನ್ ಸಿರಿವಂತರು ಕಣಿವೆಯಿಂದ ಇಬ್ಬರನ್ನೂ ನೋಡುತ್ತಾ, ಎಷ್ಟು ಹೊತ್ತಿಗೆ ಎಲ್ಲಿದ್ದರು ಅಂತ ಚಿತ್ರದ ಸಮೇತ ಬರೆದುಕೊಂಡಿದ್ದರು. ಯಾರ ಪರವೂ ವಹಿಸದ ಟಿಪ್ಪಣಿ ಅದು. ಬಹಳ ಕಾಲದ ನಂತರ ಅದು ಹೊರಬಂದು, ಇಬ್ಬರೂ ಜೊತೆಜೊತೆಗೇ ಹತ್ತಿದ್ದರು ಅನ್ನುವುದಕ್ಕೆ ಸಾಕ್ಷಿಯಾಯಿತು. ಪಕಾರ್‌ಗೆ ಪ್ರತಿಮೆ ಸಿಕ್ಕಿದ್ದು 1986ರಲ್ಲಿ, ಹತ್ತಿ ಸರಿಯಾಗಿ 200 ವರ್ಷಕ್ಕೆ.

ನಮ್ಮ ದೇಶದ ಕಥೆಯಲ್ಲಿ ಕಾಗದ ಹಿಡಿದವರು ಸರ್ವೇ ಇಲಾಖೆಯವರು. 1802ರಲ್ಲಿ ಲ್ಯಾಂಬ್ಟನ್ ಮದ್ರಾಸಿನಲ್ಲಿ ಶುರು ಮಾಡಿದ ತ್ರಿಕೋನ ಅಳತೆಯ ಸರಪಳಿ ಬೆಂಗಳೂರು ಹಾಯ್ದು, ಘಟ್ಟ ದಾಟಿ, ಮಂಗಳೂರು ಕರಾವಳಿ ಮುಟ್ಟಿತು. ಗುಡ್ಡದ ನೆತ್ತಿಯಿಂದ ಇನ್ನೊಂದು ಗುಡ್ಡದ ನೆತ್ತಿಯನ್ನು ನೋಡಿ ಕೋನ ಅಳೆಯುವ ಕೆಲಸ. ಯಂತ್ರವನ್ನೂ ಡೇರೆಯನ್ನೂ ಹೊತ್ತು ಮೇಲೆ ಸಾಗಿಸಿದವರು ಎಷ್ಟು ಜನವೋ!

ಅದೇ ಸರ್ವೇ ಉತ್ತರಕ್ಕೆ ಬೆಳೆದು ಹಿಮಾಲಯದ ಬುಡ ಸೇರಿತು. ನೇಪಾಳದೊಳಗೆ ಬಿಡಲಿಲ್ಲ. ನೂರು ಮೈಲಿಗೂ ದೂರದ ಬಯಲಿನಿಂದ, ಆರು ಜಾಗಗಳಲ್ಲಿ ನಿಂತು ‘ಶಿಖರ 15’ ಅನ್ನು ಅಳೆದರು. ಅಷ್ಟು ದೂರದ ಬೆಳಕು ಗಾಳಿಯಲ್ಲಿ ಬಾಗಿಕೊಂಡು ಬರುತ್ತದೆ, ಬೆಟ್ಟ ಇದ್ದದ್ದಕ್ಕಿಂತ ಎತ್ತರ ಕಾಣುತ್ತದೆ. ಭೂಮಿಯ ಉಬ್ಬು ಬುಡವನ್ನು ಮರೆಮಾಡುತ್ತದೆ. ಇದನ್ನೆಲ್ಲ ಕೂಡಿಸಿ ಕಳೆದು 29,002 ಅಡಿ ಅನ್ನುವ ಉತ್ತರಕ್ಕೆ ದಾರಿ ಮಾಡಿದ್ದು ಲೆಕ್ಕದ ವಿಭಾಗದ ಬಂಗಾಳಿ ಗಣಿತಜ್ಞ ರಾಧಾನಾಥ ಸಿಕ್ದಾರ್. 2020ರಲ್ಲಿ ಉಪಗ್ರಹಗಳ ನೆರವಿನಿಂದ ಪ್ರಕಟಿಸಿದ ಎತ್ತರ 8,848.86 ಮೀಟರ್. ಹಳೆಯ ಲೆಕ್ಕಕ್ಕೂ ಇದಕ್ಕೂ ಬರೀ 9 ಮೀಟರ್ ವ್ಯತ್ಯಾಸ! ಶಿಖರಕ್ಕೆ 1865ರಲ್ಲಿ ಇಟ್ಟ ಹೆಸರು ಮಾತ್ರ ನಿವೃತ್ತರಾಗಿದ್ದ ಹಿಂದಿನ ಮುಖ್ಯಸ್ಥ ಎವರೆಸ್ಟ್ ಅವರದ್ದು. ಸಿಕ್ದಾರ್ ಚಿತ್ರ ನಮ್ಮ ಅಂಚೆಚೀಟಿಯ ಮೇಲೆ ಬಂದಿದ್ದು 2004ರಲ್ಲಿ.

ಮುಂದೆ ಎವರೆಸ್ಟ್ ಹತ್ತುವ ಕಾಲ ಬಂತು. 1922ರ ಜೂನ್ 7ರಂದು ಬ್ರಿಟಿಷ್ ತಂಡ ಹೊಸ ಹಿಮ ಬಿದ್ದ ಇಳಿಜಾರನ್ನು ಏರುವಾಗ ಹಿಮ ಕುಸಿಯಿತು. ಹೊರೆ ಹೊತ್ತಿದ್ದ ಏಳು ಜನ ಸತ್ತರು. ಬ್ರಿಟಿಷರಲ್ಲಿ ಯಾರಿಗೂ ಏನೂ ಆಗಲಿಲ್ಲ. ಎರಡು ವರ್ಷದ ನಂತರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆ ತಂಡಕ್ಕೆ ಪದಕ ಕೊಟ್ಟಾಗ ಸತ್ತ ಏಳು ಜನರ ಹೆಸರೂ ಪಟ್ಟಿಯಲ್ಲಿ ಸೇರಿತು. ಕೊಟ್ಟ ಊರು ಅದೇ ಶಮೊನಿ. ಇದನ್ನು ಓದಿದಾಗ ನನಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು. ಅಷ್ಟೇ ಭಾರ ಹೊತ್ತು ಬದುಕಿ ಇಳಿದ ಹತ್ತಾರು ಹೊರೆಯಾಳುಗಳು ಆ ಪಟ್ಟಿಯಲ್ಲಿಲ್ಲ. 1953ರಲ್ಲಿ ಶೆರ್ಪಾ ತೇನ್‌ಸಿಂಗ್ ಹಿಲರಿಯ ಜೊತೆ ತುದಿಯಲ್ಲೇ ನಿಂತ ಮೇಲೆ ಲೋಕ ಶೆರ್ಪಾಗಳ ಕಡೆ ತಿರುಗಿ ನೋಡಿತು. ಆಗಲೂ ಹಿಲರಿಗೆ ‘ಸರ್’ ಪದವಿ, ತೇನ್‌ಸಿಂಗ್‌ಗೆ ಜಾರ್ಜ್ ಪದಕ.

ಶೆರ್ಪಾ ಅನ್ನುವುದು ಕೆಲಸದ ಹೆಸರಲ್ಲ. ಅದೊಂದು ಜನಾಂಗ, ಪೂರ್ವದಿಂದ ಬಂದವರು ಅಂತ ಅರ್ಥ. ಅವರ ಮೈ ಎತ್ತರದ ಗಾಳಿಗೆ ಹೇಗೆ ಒಗ್ಗಿದೆ ಅನ್ನುವುದು ಈಚೆಗೆ ಬಿಡಿಸಿಕೊಳ್ಳುತ್ತಿರುವ ವಿಷಯ. ನಮ್ಮಂಥವರು ಮೇಲೆ ಹೋಗಿ ಕೆಲವು ವಾರ ಇದ್ದರೆ ಮೈ ಕೆಂಪು ರಕ್ತಕಣ ಜಾಸ್ತಿ ಮಾಡುತ್ತದೆ. ರಕ್ತ ಗಟ್ಟಿಯಾಗುತ್ತದೆ, ಹೃದಯಕ್ಕೆ ದುಡಿತ ಹೆಚ್ಚು. ಟಿಬೆಟನ್ನರಲ್ಲಿ ಮತ್ತು ಶೆರ್ಪಾಗಳಲ್ಲಿ ಇಪಾಸ್-1 ಅನ್ನುವ ಜೀನಿನ ಬೇರೆ ರೂಪ ಇದೆ. ಅದು ರಕ್ತ ಅತಿಯಾಗಿ ಗಟ್ಟಿಯಾಗದ ಹಾಗೆ ತಡೆಯುತ್ತದೆ. ಡೆನಿಸೋವನ್ನರು ಅನ್ನುವ, ಈಗ ಅಳಿದುಹೋಗಿರುವ ಹಳೆಯ ಮಾನವರಿಂದ ಬಂದ ಬಳುವಳಿ ಅದು ಅಂತ 2014ರಲ್ಲಿ ಗೊತ್ತಾಯಿತು. ಸಿಕ್ಕಿದ ಕೊಂಚ ಆಮ್ಲಜನಕದಲ್ಲೇ ಜಾಸ್ತಿ ಶಕ್ತಿ ತೆಗೆಯುವ ಗುಣ ಅವರ ಮಾಂಸಖಂಡಗಳಿಗಿದೆ ಅಂತ 2017ರ ಇನ್ನೊಂದು ಅಧ್ಯಯನ ಹೇಳಿತು.

ಅವರ ಈ ಶಕ್ತಿಯನ್ನು ಬಹಳ ಮೊದಲೇ ಗಮನಿಸಿದವರು ಅಲೆಕ್ಸಾಂಡರ್ ಕೆಲ್ಲಸ್. ಸ್ಕಾಟ್ಲೆಂಡಿನವರು, ಲಂಡನ್ನಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ದೊಡ್ಡ ತಂಡ ಕಟ್ಟದೆ, ಸ್ಥಳೀಯರನ್ನಷ್ಟೇ ಜೊತೆ ಮಾಡಿಕೊಂಡು ಹಿಮಾಲಯ ಸುತ್ತುತ್ತಿದ್ದರು. ಆಮ್ಲಜನಕದ ಸಿಲಿಂಡರ್ ಇಲ್ಲದೆಯೂ ಎವರೆಸ್ಟ್ ಹತ್ತಬಹುದು ಅಂತ 1920ರಲ್ಲೇ ಲೆಕ್ಕ ಹಾಕಿ ಬರೆದರು. 1978ರಲ್ಲಿ ಅದು ನಿಜವಾಯಿತು. ಅವರು 1921ರ ಎವರೆಸ್ಟ್ ತಂಡದ ಜೊತೆ ಹೋಗುವಾಗ ದಾರಿಯಲ್ಲೇ ತೀರಿಕೊಂಡರು.

ಸಿಕ್ಕಿಂ ಮತ್ತು ಟಿಬೆಟ್ ಗಡಿಯ ಪೌಹುನ್ರಿ ಶಿಖರವನ್ನು ಕೆಲ್ಲಸ್ ಹತ್ತಿದ್ದು 1911ರಲ್ಲಿ, ಇಬ್ಬರು ಶೆರ್ಪಾಗಳ ಜೊತೆ. ಅದರ ಎತ್ತರ 7,128 ಮೀಟರ್ ಅಂತ ಮರು ಅಳತೆಯಿಂದ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಂದರೆ 1911ರಿಂದ 1930ರವರೆಗೆ, ಮನುಷ್ಯರು ಹತ್ತಿದ ಅತಿ ಎತ್ತರದ ಶಿಖರದ ದಾಖಲೆ ಆ ಮೂವರದ್ದು. ಬದುಕಿದ್ದಾಗ ಆ ಮೂವರಿಗೂ ಅದು ಗೊತ್ತಿರಲಿಲ್ಲ. ದಾಖಲೆಯಲ್ಲಿರುವ ಹೆಸರುಗಳು ಹೀಗಿವೆ: ಕೆಲ್ಲಸ್, ಸೋನಿ, ಮತ್ತು ‘ಟುನಿಯ ಬ್ರದರ್’.

ಇಳಿಯುವಾಗ ಇದನ್ನೇ ಹೇಳುತ್ತಾ ಬಂದೆ. ತುದಿಯಲ್ಲಿ ನೀರು ಕುಡಿದು ಮುಚ್ಚಿದ್ದ ಪ್ಲಾಸ್ಟಿಕ್ ಬಾಟಲಿ ಕೈಮರ ಬರುವಷ್ಟರಲ್ಲಿ ಅವಳ ತೊಡೆಯ ಮೇಲೆ ಲಟಕ್ ಅಂತ ಒಳಕ್ಕೆ ತಗ್ಗಿತು. ಅವಳು ಅದನ್ನು ನೋಡಲೂ ಇಲ್ಲ.

“ಅಣ್ಣನಾ ಮಾವ, ತಮ್ಮನಾ?” ಅಂದಳು.

ಬ್ರದರ್ ಅಂತಷ್ಟೇ ಬರೆದಿದ್ದಾರೆ ಪುಟ್ಟಿ, ಅಂದೆ.